ಬೀರುವಿನ ಮೇಲೆ ಕೂತಿದ್ದ ಹವಾಮಾನದ ಅರ್ಜಿಗಳು

ಬೆಂಗಳೂರಿನ ಅಂಚಿನಲ್ಲಿರುವ ಒಂದು ಕ್ಷೇತ್ರದ ಶಾಸಕರ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಬಂದ ಅರ್ಜಿ ಓದಬೇಕು, ಇನ್ವಾರ್ಡ್ ಪುಸ್ತಕದಲ್ಲಿ ಬರೀಬೇಕು, ಯಾವುದು ಸಾಹೇಬ್ರ ಟೇಬಲ್ಲಿಗೆ ಹೋಗಬೇಕು, ಯಾವುದು ನೇರ ಇಲಾಖೆಗೆ ಹೋಗಬೇಕು ಅಂತ ವಿಂಗಡಿಸಬೇಕು. ಚರಂಡಿ, ರೇಷನ್ ಕಾರ್ಡು, ವರ್ಗಾವಣೆ, ಆಸ್ಪತ್ರೆ ಬಿಲ್ಲು. ದಿನಾ ಇದೇ.

2024ರ ಬೇಸಿಗೆ ನೆನಪಿದೆಯಲ್ವಾ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಜನ ಕಾದು ಕೂತ ಬೇಸಿಗೆ. ಆಗ ನಮ್ಮ ಕಚೇರಿಗೆ ಒಂದೇ ವಾರದಲ್ಲಿ 140 ಇಮೇಲ್ ಬಂದವು. ಎಲ್ಲವೂ ಇಂಗ್ಲಿಷ್‌ನಲ್ಲಿ, ಎಲ್ಲದರಲ್ಲೂ ಅದೇ ಸಾಲುಗಳು. ಕಾರ್ಬನ್ ಹೊಗೆ ಕಡಿಮೆ ಮಾಡಿ, ಹವಾಮಾನ ತುರ್ತು ಪರಿಸ್ಥಿತಿ ಘೋಷಿಸಿ ಅಂತ. ಹೆಸರಿತ್ತು, ವಿಳಾಸ ಇರಲಿಲ್ಲ, ಹಾಗಾಗಿ ಇವರು ನಮ್ಮ ಕ್ಷೇತ್ರದವರೋ ಅಲ್ಲವೋ ಗೊತ್ತಾಗಲಿಲ್ಲ. ಘೋಷಣೆ ಮಾಡುವುದು ಒಬ್ಬ ಶಾಸಕರ ಕೈಯಲ್ಲಿ ಇರುವ ಕೆಲಸವೂ ಅಲ್ಲ. ನಾನು ಒಂದನ್ನು ಪ್ರಿಂಟ್ ತೆಗೆದು, ಮೇಲೆ 'ಒಟ್ಟು 140' ಅಂತ ಬರೆದು, ಫೈಲಿಗೆ ಹಾಕಿ ಬೀರುವಿನ ಮೇಲೆ ಇಟ್ಟೆ. ಸಾಹೇಬ್ರಿಗೆ ತೋರಿಸಲಿಲ್ಲ.

ತಿಂಗಳಾದ ಮೇಲೆ ಒಬ್ಬ ಹುಡುಗ ಬಂದ. ಇಲ್ಲೇ ಕಾಲೇಜಿನಲ್ಲಿ ಓದುತ್ತಿದ್ದವನು. 'ಸರ್, ನಮ್ಮ ಪತ್ರ ಏನಾಯ್ತು?' ಅಂದ. ನನ್ನ ಬಳಿ ಉತ್ತರ ಇರಲಿಲ್ಲ. 'ನೋಡ್ತೀವಿ' ಅಂತ ಕಳಿಸಿದೆ. ಅವನು ತಲೆ ಆಡಿಸಿ ಸುಮ್ನೆ ಹೊರಟುಹೋದ. ಅವತ್ತು ಕಚೇರಿ ಬಾಗಿಲು ಹಾಕುವ ಮುಂಚೆ ಆ ಪತ್ರ ಪೂರ್ತಿ ಓದಿದೆ, ಮೊದಲ ಸಲ. ಹೊರಗೆ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಹುಡುಗರು ಬರೆದದ್ದು ಸರಿಯಾಗಿಯೇ ಇತ್ತು. ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು ನನಗೆ ಗೊತ್ತಿತ್ತು, ನಾನು ಮಾಡಿರಲಿಲ್ಲ.

ಅದೇ ಸಮಯಕ್ಕೆ ಒಬ್ಬ ನಿವೃತ್ತ ಟೀಚರಮ್ಮ ಬಂದರು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಅವರ ಬಡಾವಣೆಯ ಸ್ಟಾಪಿನಲ್ಲಿ ಹದಿನೈದು ದಿನ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನಿಂತು, ಎಷ್ಟು ಬಸ್ಸು ಬಂತು, ಎಷ್ಟು ನಿಲ್ಲಿಸದೆ ಹೋಯಿತು, ಎಷ್ಟು ಜನ ಕಾದು ಸಾಕಾಗಿ ಆಟೋ ಹತ್ತಿದರು ಅಂತ ಗೆರೆ ಹಾಕಿ ಬರೆದಿದ್ದರು. 'ನೋಡಪ್ಪಾ, ಬಸ್ಸಿಲ್ಲ ಅಂತ ಸಾಲ ಮಾಡಿ ಎಲ್ಲರೂ ಸ್ಕೂಟರ್ ತಗೊಂಡ್ರು. ಈ ಹೊಗೆ ನಾವು ಬೇಕು ಅಂತ ಬಿಡ್ತಿರೋದಲ್ಲ' ಅಂದರು.

ನಾನು ಆ ಹುಡುಗನಿಗೆ ಫೋನ್ ಮಾಡಿ ಕರೆಸಿದೆ. ಅವನು ಲೆಕ್ಕ ಹಾಕಿದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸ್ಕೂಟರ್ ಓಡಿಸುವವರು ಅರ್ಧ ಲೀಟರ್ ಸುಟ್ಟರೂ ಒಂದು ಕೆಜಿಗಿಂತ ಜಾಸ್ತಿ. ಬಡಾವಣೆಯಲ್ಲಿ ಅಂಥ ಸ್ಕೂಟರ್ ಎಷ್ಟು? ಮೂವರೂ ಕೂತು ವಿಧಾನಸಭೆಗೆ ಒಂದು ಪ್ರಶ್ನೆ ಬರೆದೆವು. (ಅ) ಈ ಭಾಗದಲ್ಲಿ ಬೆಳಗಿನ ಹೊತ್ತು ಬಸ್ಸು ಸಾಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಹೆಚ್ಚುವರಿ ಎಲೆಕ್ಟ್ರಿಕ್ ಬಸ್ ಓಡಿಸಲು ಕೈಗೊಂಡ ಕ್ರಮಗಳೇನು? ಸಾಹೇಬ್ರು ಓದಿ ಎರಡೇ ನಿಮಿಷದಲ್ಲಿ ಸಹಿ ಹಾಕಿದರು. ಅವರಿಗೆ ಹವಾಮಾನದ ಬಗ್ಗೆ ಆಸಕ್ತಿ ಇಲ್ಲ ಅಂತ ನಾನೇ ಅಂದುಕೊಂಡಿದ್ದೆ, ಅದು ತಪ್ಪು. ಇದನ್ನು ಅವರ ಮುಂದೆ ಯಾರೂ ಇಟ್ಟಿರಲಿಲ್ಲ.

ಜನರಿಗೆ ಇದು ಗೊತ್ತಿರಬೇಕು. ಪ್ರಶ್ನೆ ಸ್ವೀಕಾರವಾಯಿತು ಅಂದರೆ ಇಲಾಖೆಯವರು ಕಡತ ತೆಗೆದು ಉತ್ತರ ಬರೆಯಲೇಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿ ಬಾಯಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಲಿಖಿತ ಉತ್ತರ. ಭಾರತ 2070ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಕಾರ್ಬನ್ನನ್ನು ಹೀರಿಸಿ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತ 2021ರಲ್ಲಿ ಗ್ಲಾಸ್ಗೋದ ವಿಶ್ವ ಹವಾಮಾನ ಸಮ್ಮೇಳನದಲ್ಲಿ ಹೇಳಿದೆ. ಆ ಮಾತನ್ನು ನಮ್ಮ ಬಡಾವಣೆಯ ಬಸ್ ಸ್ಟಾಪಿನವರೆಗೆ ಎಳೆದು ತರಬೇಕಾದರೆ ಇಂಥ ಸಣ್ಣ ಕಾಗದವೇ ಬೇಕು.

ದೊಡ್ಡ ಚಳವಳಿ ಬೇಡ ಅಂತಲ್ಲ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್ ಬೇಡ ಅಂತ ಸಾವಿರಾರು ಜನ ಮಾನವ ಸರಪಳಿ ಕಟ್ಟಿ ನಿಂತರು, 800ಕ್ಕೂ ಹೆಚ್ಚು ಮರಗಳು ಹೋಗುವುದಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೇರೆ ಕಾರಣಗಳೂ ಇದ್ದವು, ಆದರೆ ಜನ ಕೇಳಿದ್ದು ಒಂದೇ ಮಾತು, 'ಬೇಡ', ಅದು ಎಲ್ಲರಿಗೂ ಅರ್ಥವಾಯಿತು. ಭಾಷೆಯ ವಿಷಯವೂ ಅಷ್ಟೇ. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧಿಸೂಚನೆಯ (ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಮೊದಲೇ ಅಳೆಯುವ ನಿಯಮ) ಕರಡು ಬಂದಾಗ, ಅದು ಕನ್ನಡದಲ್ಲಿ ಇಲ್ಲ ಅನ್ನುವ ವಿಚಾರ ನಮ್ಮ ಹೈಕೋರ್ಟಿನವರೆಗೆ ಹೋಯಿತು. ಸರ್ಕಾರ ನಮ್ಮ ಭಾಷೆಯಲ್ಲಿ ಹೇಳಬೇಕು ಅಂತ ಕೇಳುವ ನಾವು, ನಮ್ಮ ಶಾಸಕರಿಗೂ ಕನ್ನಡದಲ್ಲೇ ಬರೆದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕನ್ನಡದಲ್ಲಿ ಬಂದ ಅರ್ಜಿಗೆ ಕವರ್ ಲೆಟರ್ ಹಾಕಿ ಅವತ್ತೇ ಕಳಿಸಬಹುದು. ಕೆಳಗೆ ವಾರ್ಡ್, ವಿಳಾಸ, ಫೋನ್ ನಂಬರ್ ಬರೆಯಿರಿ. ಒಂದು ಪತ್ರಕ್ಕೆ ಒಂದೇ ಬೇಡಿಕೆ ಇರಲಿ. ಹದಿನೈದು ದಿನ ಬಿಟ್ಟು ಬಂದು ಇನ್ವಾರ್ಡ್ ನಂಬರ್ ಹೇಳಿ ಕೇಳಿ, ನಮಗೆ ಬೇಜಾರಾಗುವುದಿಲ್ಲ.

ಈಗ ಯಾರಾದರೂ ಹವಾಮಾನ ಅಂತ ಬಂದರೆ ನಾನು ಮೊದಲು ಕೂರಿಸಿ, 'ನಿಮ್ಮ ಬೀದಿಯಲ್ಲಿ ಏನಾಗಬೇಕು?' ಅಂತ ಕೇಳುತ್ತೇನೆ. ಶಾಲೆ ಚಾವಣಿಗೆ ಸೋಲಾರ್ ಅನ್ನುತ್ತಾರೆ, ಕಸ ಸುಡುವುದು ನಿಲ್ಲಿಸಿ ಅನ್ನುತ್ತಾರೆ, ಫುಟ್‌ಪಾತ್ ಅನ್ನುತ್ತಾರೆ. ಎಲ್ಲದಕ್ಕೂ ಒಂದು ಇಲಾಖೆ ಇದೆ, ಒಬ್ಬ ಅಧಿಕಾರಿ ಇದ್ದಾರೆ.

ಟೀಚರಮ್ಮನ ಪ್ರಶ್ನೆಗೆ ಲಿಖಿತ ಉತ್ತರ ಬಂತು. ಹೊಸ ಬಸ್‌ಗಳು ಬಂದ ನಂತರ ಪರಿಶೀಲಿಸಲಾಗುವುದು ಅಂತ. ಜೆರಾಕ್ಸ್ ಮಾಡಿಸಿ ಕೊಟ್ಟೆ. ಎರಡು ಸಲ ಓದಿದರು, ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡರು. 'ಮುಂದಿನ ಅಧಿವೇಶನ ಯಾವಾಗಪ್ಪಾ?' ಅಂದರು. ಸೋಮವಾರದಿಂದ ಆ ಹುಡುಗನೂ ಅವರ ಜೊತೆ ಸ್ಟಾಪಿನಲ್ಲಿ ನಿಂತು ಮತ್ತೆ ಎಣಿಸುತ್ತಿದ್ದಾನೆ.