ಮಕ್ಕಳು ಎಷ್ಟನೇ ವಯಸ್ಸಿಗೆ ಭಾರ ಎತ್ತಬಹುದು?

"ಮೇಡಂ, ನಮ್ಮ ಹುಡುಗ ಒಂಬತ್ತನೇ ಕ್ಲಾಸು. ಜಿಮ್‌ಗೆ ಸೇರಿಸಿ ಅಂತ ದಿನಾ ಹಠ ಮಾಡ್ತಾನೆ. ಸೇರಿಸಬಹುದಾ? ಎತ್ತರ ಬೆಳೆಯೋದು ನಿಂತು ಹೋಗಲ್ವಾ?"

ದಾವಣಗೆರೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿರುವ ನನಗೆ ಈ ಪ್ರಶ್ನೆ ಪೋಷಕರ ಸಭೆಯಲ್ಲಿ ಬರುತ್ತದೆ. ತರಕಾರಿ ಮಾರ್ಕೆಟ್ಟಿನಲ್ಲೂ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ. ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದರೆ ಅರ್ಧ ವಿಷಯ ನನ್ನ ಹತ್ತಿರವೇ ಉಳಿದು ಬಿಡುತ್ತದೆ. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಉತ್ತರ ಹೇಳಿ ಬಿಡುತ್ತೇನೆ. ಶಕ್ತಿ ಬೆಳೆಸುವ ವ್ಯಾಯಾಮವನ್ನು ಏಳೆಂಟು ವರ್ಷದಿಂದಲೇ ಶುರು ಮಾಡಬಹುದು. ಎತ್ತರ ನಿಲ್ಲುವುದಿಲ್ಲ. ಆದರೆ ಎರಡು ಷರತ್ತು ಇವೆ. ಮಗು ಹೇಳಿದ್ದನ್ನು ಕೇಳಿ ಹಾಗೇ ಮಾಡುವಷ್ಟು ದೊಡ್ಡದಾಗಿರಬೇಕು. ಪಕ್ಕದಲ್ಲಿ ಗೊತ್ತಿರುವ ದೊಡ್ಡವರು ನಿಂತು ನೋಡುತ್ತಿರಬೇಕು. ಈ ಎರಡನೆಯದು ಇಲ್ಲದಿದ್ದರೆ ಹದಿನೇಳು ವರ್ಷದವನನ್ನೂ ನಾನು ಭಾರ ಎತ್ತುವ ಕಬ್ಬಿಣದ ಬಾರ್ ಮುಟ್ಟಲು ಬಿಡುವುದಿಲ್ಲ.

ಏಳೆಂಟು ಅನ್ನುವುದು ನಾನು ಸುಮ್ನೆ ಹೇಳುವ ಲೆಕ್ಕ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಹೊರತಂದ ವರದಿಯೂ ಅದನ್ನೇ ಹೇಳುತ್ತದೆ. ಆ ವಯಸ್ಸಿನ ಹೊತ್ತಿಗೆ ಮಕ್ಕಳಿಗೆ ಮೈಯ ಸಮತೋಲನ ಬಂದಿರುತ್ತದೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವುದು, ಏಳುವುದು, ಬಗ್ಗುವುದು ಸಲೀಸಾಗುತ್ತದೆ. ಖೋ ಖೋ ಆಟದ ನಿಯಮ ತಿಳಿದು, ತನ್ನ ಸರದಿ ಬರುವ ತನಕ ಕೂತಿರುವ ಮಗು ಈ ವ್ಯಾಯಾಮಕ್ಕೂ ತಯಾರಾಗಿದೆ ಅಂತಲೇ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಇನ್ನೂ ಮುಂದೆ ಹೋಗುತ್ತದೆ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿಯಾಗುವಂಥ ಚಟುವಟಿಕೆ ಇರಬೇಕು. ಮರ ಹತ್ತುವುದು, ಹಗ್ಗ ಜಗ್ಗುವುದು, ಕುಂಟಾಬಿಲ್ಲೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ನಮ್ಮ ಬಡಾವಣೆಗಳಲ್ಲಿ ಹತ್ತಲು ಮರ ಉಳಿದಿಲ್ಲ, ಜಗ್ಗಲು ಜಾಗ ಇಲ್ಲ. ಅದಕ್ಕೇ ಈಗ ಬೇಕು ಅಂತಲೇ ಕೂತು ಕಲಿಸಬೇಕಾಗಿದೆ.

ಎತ್ತರದ ಭಯ ಎಲ್ಲಿಂದ ಬಂತು? ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಒಂದು ಮೆದು ಪದರ ಇರುತ್ತದೆ. ಗ್ರೋಥ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಸುಮಾರಾಗಿ ಹುಡುಗಿಯರಿಗೆ 14-15, ಹುಡುಗರಿಗೆ 16-17ರ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಒಬ್ಬೊಬ್ಬರಿಗೆ ಹಿಂದೆ ಮುಂದೆ ಆಗಬಹುದು. ಆ ಪದರಕ್ಕೆ ಜೋರು ಪೆಟ್ಟು ಬಿದ್ದರೆ ತೊಂದರೆ ಆಗುವುದು ನಿಜ. ಆದರೆ ಆ ಪೆಟ್ಟು ಹೆಚ್ಚಾಗಿ ಬೀಳುವುದು ಸೈಕಲ್ಲಿನಿಂದ ಬಿದ್ದಾಗ, ಮೈದಾನದಲ್ಲಿ ಡಿಕ್ಕಿ ಹೊಡೆದುಕೊಂಡಾಗ. ಗೊತ್ತಿರುವವರು ಎದುರಿಗೆ ನಿಂತು ಮಾಡಿಸುವ ವ್ಯಾಯಾಮದಿಂದ ಮಕ್ಕಳು ಕುಳ್ಳಾದರು ಅನ್ನುವುದಕ್ಕೆ ಆಧಾರ ಇಲ್ಲ. ಒಂದು ಮಗು ಕಟ್ಟೆ ಮೇಲಿಂದ ಜಿಗಿದಾಗ ಮೊಣಕಾಲಿಗೆ ಬೀಳುವ ಹೊರೆ ಅದರ ಮೈತೂಕದ ಎಷ್ಟೋ ಪಟ್ಟು ಇರುತ್ತದೆ. ಎರಡು ಕೆಜಿ ಡಂಬೆಲ್ ಹಿಡಿದು ನಿಧಾನಕ್ಕೆ ಕೂತು ಎದ್ದರೆ ಅಷ್ಟು ಬೀಳುವುದಿಲ್ಲ. ಇನ್ನು ಶಾಲೆ ಬ್ಯಾಗು! 9 ಮತ್ತು 10ನೇ ತರಗತಿಯ ಬ್ಯಾಗು 4ರಿಂದ 5 ಕೆಜಿ ದಾಟಬಾರದು ಅಂತ ನಮ್ಮ ರಾಜ್ಯ ಸರ್ಕಾರ 2019ರಲ್ಲೇ ಆದೇಶ ಮಾಡಿದೆ. ಒಂದು ಸಲ ನಿಮ್ಮ ಮಗುವಿನ ಬ್ಯಾಗನ್ನು ತಕ್ಕಡಿಗೆ ಹಾಕಿ ನೋಡಿ. ಡಂಬೆಲ್‌ಗೆ ಹೆದರುವ ಮನೆಯವರೇ ಅದಕ್ಕಿಂತ ಭಾರವನ್ನು ಒಂದೇ ಹೆಗಲಿಗೆ ನೇತು ಹಾಕಿ ಮೂರನೇ ಮಹಡಿಗೆ ಹತ್ತಿಸುತ್ತಿರುತ್ತಾರೆ.

"ಮೀರಾಬಾಯಿ ಚಾನು ಅವರನ್ನೇ ನೋಡಿ ಮೇಡಂ, ಭಾರ ಎತ್ತಿ ಎತ್ತಿ ಕುಳ್ಳಾಗಿಲ್ವಾ" ಅಂತ ಕೇಳುವವರೂ ಇದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಬೆಳ್ಳಿ ಗೆದ್ದಿದ್ದು 49 ಕೆಜಿ ವಿಭಾಗದಲ್ಲಿ. ಎತ್ತರ ಐದು ಅಡಿಗಿಂತ ತುಸು ಕಡಿಮೆ. ವೇಟ್‌ಲಿಫ್ಟಿಂಗ್‌ನಲ್ಲಿ ಮೈತೂಕದ ಮೇಲೆ ವಿಭಾಗ ಮಾಡುತ್ತಾರೆ. ಅಷ್ಟೇ ತೂಕದೊಳಗೆ ಕೈಕಾಲು ಗಿಡ್ಡ ಇರುವವರಿಗೆ ಬಾರನ್ನು ಮೇಲಕ್ಕೆ ಒಯ್ಯುವ ದಾರಿ ಚಿಕ್ಕದು. ಹಾಗಾಗಿ ಮೊದಲೇ ಕುಳ್ಳಗಿರುವವರು ಆ ಆಟದಲ್ಲಿ ಮೇಲೆ ಬರುತ್ತಾರೆ. ಬಾಸ್ಕೆಟ್‌ಬಾಲ್ ಆಡಿದ್ದಕ್ಕೆ ಯಾರೂ ಆರೂವರೆ ಅಡಿ ಬೆಳೆಯುವುದಿಲ್ಲ, ಅಲ್ವಾ? ಅಷ್ಟು ಎತ್ತರ ಇರುವವರನ್ನು ತಂಡ ಆರಿಸಿಕೊಳ್ಳುತ್ತದೆ.

ನಾನು ಪೋಷಕರಿಗೆ ಹೇಳುವುದು ಜೆರೆಮಿ ಲಾಲ್‌ರಿನುಂಗಾ ಕಥೆ. ಮಿಜೋರಾಂನ ವೇಟ್‌ಲಿಫ್ಟರ್ ಹುಡುಗ. 2018ರ ಯೂತ್ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಚಿನ್ನ ಅದು. ಚಿಕ್ಕವನಿದ್ದಾಗ ಐಜ್ವಾಲ್‌ನಲ್ಲಿ ಅವನ ಕೈಗೆ ಮೊದಲು ಕೊಟ್ಟಿದ್ದು ಬಿದಿರಿನ ಕೋಲು. ಕೋಲಿನಲ್ಲಿ ಎತ್ತುವ ರೀತಿ ಸರಿಯಾಗಿ ಕೂರುವ ತನಕ ಕಬ್ಬಿಣ ಕೊಡಲಿಲ್ಲ. ನಮ್ಮ ಗರಡಿ ಮನೆಗಳಲ್ಲೂ ಇದೇ ಕ್ರಮ. ಹೊಸದಾಗಿ ಬಂದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಗದೆ ಕೊಡುವುದಿಲ್ಲ. ಮಟ್ಟಿ ಹದ ಮಾಡಿಸುತ್ತಾರೆ, ದಂಡ ಬಸ್ಕಿ ಹೊಡೆಸುತ್ತಾರೆ, ದೊಡ್ಡ ಪೈಲ್ವಾನರು ಮಾಡುವುದನ್ನು ನೋಡಿಸುತ್ತಾರೆ.

ಹಾಗಾದರೆ ಗಾಯ ಆಗುವುದೇ ಇಲ್ಲವಾ? ಆಗುತ್ತದೆ. ಹೇಗೆ ಆಗುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಭಾರ ಎತ್ತುವಾಗ ಗಾಯ ಮಾಡಿಕೊಂಡು ಬಂದವರನ್ನು ಸಂಶೋಧಕರು ವಯಸ್ಸಿನ ಪ್ರಕಾರ ನೋಡಿದರು. 2009ರಲ್ಲಿ ಅದು ಪ್ರಕಟವಾಯಿತು. 8ರಿಂದ 13 ವರ್ಷದವರಲ್ಲಿ ಮೂರರಲ್ಲಿ ಎರಡು ಪಾಲು ಗಾಯ ಕೈಗೆ ಇಲ್ಲವೇ ಪಾದಕ್ಕೆ ಆಗಿತ್ತು. ಕಾರಣ ಏನು ಗೊತ್ತಾ? ಹೆಚ್ಚಾಗಿ ಡಂಬೆಲ್ ಕಾಲ ಮೇಲೆ ಬೀಳಿಸಿಕೊಂಡಿದ್ದು, ಬಾರಿಗೆ ಹಾಕುವ ತೂಕದ ಪ್ಲೇಟುಗಳ ನಡುವೆ ಬೆರಳು ಸಿಕ್ಕಿಸಿಕೊಂಡಿದ್ದು. ಅಂದರೆ ನೋಡಿಕೊಳ್ಳುವವರು ಇದ್ದಿದ್ದರೆ ತಪ್ಪುತ್ತಿದ್ದ ಗಾಯಗಳು. ಅದಕ್ಕೇ ಮನೆಯಲ್ಲಿ ಅಣ್ಣ ತಂದಿಟ್ಟ ಡಂಬೆಲ್ ಮಂಚದ ಕೆಳಗೆ ತಮ್ಮನ ಕೈಗೆ ಸಿಗುವ ಹಾಗೆ ಇಡಬೇಡಿ.

ನಾನು ಹೇಗೆ ಶುರು ಮಾಡಿಸುತ್ತೇನೆ ಅಂತ ಹೇಳುತ್ತೇನೆ. ಬೇಕಾಗಿರುವುದು ಒಂದು ಗಿಡ್ಡ ಸ್ಟೂಲು, ನಲ್ಲಿ ಕೆಲಸಕ್ಕೆ ಬಳಸುವ ಒಂದು ಪಿವಿಸಿ ಪೈಪು. ಐದನೇ ಕ್ಲಾಸಿನ ಮಗುವಿಗೆ "ಬಸ್ಕಿ ಹೊಡಿ" ಅಂದರೆ ಹಿಮ್ಮಡಿ ಮೇಲೆದ್ದು ಬೆರಳ ಮೇಲೆ ನಿಂತು ಬಿಡುತ್ತದೆ. ಮೊಣಕಾಲು ಎರಡೂ ಒಳಗೆ ಬಂದು ಒಂದಕ್ಕೊಂದು ತಾಗುತ್ತವೆ. ಎದೆ ಮುಂದಕ್ಕೆ ಬೀಳುತ್ತದೆ. ಆಗ ಹಿಂದೆ ಸ್ಟೂಲು ಇಟ್ಟು, "ಕೂತ್ಕೋ, ಆದ್ರೆ ಪೂರ್ತಿ ಕೂರಬೇಡ, ತಾಗಿದ ತಕ್ಷಣ ಏಳು" ಅನ್ನುತ್ತೇನೆ. ಪಾದ ಪೂರ್ತಿ ನೆಲಕ್ಕೆ ಅಂಟಿರಬೇಕು. ಮೊಣಕಾಲು ಕಾಲ್ಬೆರಳು ತೋರಿಸುವ ಕಡೆಗೇ ಹೋಗಬೇಕು. ಬಗ್ಗುವುದನ್ನು ಕಲಿಸುವಾಗ ಪೈಪನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಸುತ್ತೇನೆ. ತಲೆ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗೆ, ಮೂರು ಕಡೆ ಪೈಪು ತಾಗಿರಬೇಕು. ಬಗ್ಗಿದಾಗ ಒಂದು ಕಡೆ ಬಿಟ್ಟುಕೊಂಡರೂ ಬೆನ್ನು ಬಾಗಿದೆ ಅಂತ ಮಗುವಿಗೇ ಗೊತ್ತಾಗುತ್ತದೆ, ನಾನು ಹೇಳುವುದೇ ಬೇಡ. ಗೋಡೆಗೆ ಕೈ ಕೊಟ್ಟು ಪುಷ್‌ಅಪ್, ಅದು ಸಲೀಸಾದ ಮೇಲೆ ಬೆಂಚಿಗೆ, ಆಮೇಲೆ ನೆಲಕ್ಕೆ. ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿದಿಡುವ ಪ್ಲ್ಯಾಂಕ್, ಕಪ್ಪೆ ಜಿಗಿತ, ಕಂಬಿಗೆ ಜೋತು ಬೀಳುವುದು. ಮೊದಲು ಹತ್ತು ನಿಮಿಷ ಓಡಿ ಆಡಿ ಮೈ ಬಿಸಿ ಮಾಡಿಕೊಳ್ಳುವುದು ಕಡ್ಡಾಯ. ಒಟ್ಟು ಅರ್ಧ ಗಂಟೆ, ವಾರಕ್ಕೆ ಎರಡು ಮೂರು ದಿನ ಸಾಕು. ನಡುವೆ ಒಂದು ದಿನ ಬಿಡಬೇಕು.

ಬಸ್ಕಿ ವಿಷಯ ಬಂತಲ್ಲ, ಶಿಕ್ಷಕರಿಗೂ ಒಂದು ಮಾತು. ಹೋಂವರ್ಕ್ ಮಾಡಿಲ್ಲ ಅಂತ ನೂರು ಬಸ್ಕಿ ಹೊಡೆಸುವುದನ್ನು ದಯವಿಟ್ಟು ಬಿಡಿ. ರೂಢಿ ಇಲ್ಲದ ಮಗುವಿನ ಸ್ನಾಯುವಿಗೆ ಅದರಿಂದ ನಿಜವಾಗಿ ಹಾನಿಯಾಗಬಹುದು. ವ್ಯಾಯಾಮ ಅಂದರೆ ಶಿಕ್ಷೆ ಅನ್ನುವುದು ಆ ಮಗುವಿನ ತಲೆಯಲ್ಲಿ ಕೂತರೆ ಮತ್ತೆ ತೆಗೆಯುವುದು ಬಹಳ ಕಷ್ಟ.

ಈ ವಯಸ್ಸಿನಲ್ಲಿ ಮೈ ಉಬ್ಬುವುದಿಲ್ಲ. ಪ್ರಾಯಕ್ಕೆ ಬರುವ ಮುಂಚೆ ಅದಕ್ಕೆ ಬೇಕಾದ ಹಾರ್ಮೋನು ಅಷ್ಟು ಇರುವುದಿಲ್ಲ. ಆದರೂ ಮಗು ಗಟ್ಟಿಯಾಗುತ್ತದೆ. ಮೆದುಳು, ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುತ್ತವೆ. ಎರಡು ಮೂರು ತಿಂಗಳಲ್ಲಿ ಗುಂಡು ಎಸೆತದ ದೂರ, ಜಿಗಿತದ ಎತ್ತರ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಬೇಸಿಗೆ ರಜೆಯಲ್ಲಿ ಪೂರ್ತಿ ಬಿಟ್ಟರೆ ಗಳಿಸಿದ್ದರಲ್ಲಿ ಒಂದಷ್ಟು ಹೋಗಿಯೂ ಬಿಡುತ್ತದೆ.

ಪೋಷಕರು ಜಾಸ್ತಿ ಹುಷಾರಾಗಿರಬೇಕಾದದ್ದು ಹನ್ನೆರಡರಿಂದ ಹದಿನೈದರ ನಡುವೆ. ಎತ್ತರ ಸರಸರ ಏರುವುದು ಹುಡುಗಿಯರಿಗೆ ಸುಮಾರು 12ಕ್ಕೆ, ಹುಡುಗರಿಗೆ 14ಕ್ಕೆ. ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬರುತ್ತದೆ. ಹೋದ ವರ್ಷ ಚಂದವಾಗಿ ಓಡುತ್ತಿದ್ದ ಹುಡುಗ ಈ ವರ್ಷ ತನ್ನ ಕಾಲಿಗೆ ತಾನೇ ಎಡವುತ್ತಾನೆ. ಮಂಡಿ ಚಿಪ್ಪಿನ ಕೆಳಗೆ ಗಂಟಿನ ಹಾಗೆ ಊದಿ ನೋವು ಬರುತ್ತದೆ. ಜಿಗಿಯುವ, ಓಡುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಆ ತಿಂಗಳುಗಳಲ್ಲಿ ಭಾರ ಏರಿಸಬೇಡಿ. ಜಿಗಿತ ಕಡಿಮೆ ಮಾಡಿ, ಮತ್ತೆ ಸ್ಟೂಲು ಪೈಪಿಗೆ ಬನ್ನಿ. ಅದು ಹಿಂದೆ ಬಿದ್ದಂತೆ ಅಲ್ಲ. ಬೆಳೆದ ಕೈಕಾಲಿಗೆ ಹಳೆ ಪಾಠ ಹೊಸದಾಗಿ ಕಲಿಸಲೇಬೇಕು.

ಇನ್ನು ಜಿಮ್. ಹದಿನಾಲ್ಕು ಹದಿನೈದಕ್ಕೆ ಕಳಿಸಬಹುದು, ಟ್ರೈನರ್ ಸರಿಯಿದ್ದರೆ. ನೀವೇ ಒಂದು ಸಂಜೆ ಹೋಗಿ ಕೂತು ನೋಡಿ. ಹೊಸ ಹುಡುಗನಿಗೆ ಮೊದಲ ವಾರವೇ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರ್ ಎತ್ತುವುದು) ಹಾಕಿಸಿ, ಟ್ರೈನರ್ ಮೊಬೈಲ್ ನೋಡುತ್ತಾ ನಿಂತಿದ್ದರೆ ಆ ಜಾಗ ಬೇಡ. ಹದಿನೈದು ಸಲ ಸರಿಯಾದ ರೀತಿಯಲ್ಲಿ ಎತ್ತಲು ಬರುವ ತೂಕದಲ್ಲೇ ಇರಬೇಕು. ಅದು ಸಲೀಸಾದ ಮೇಲೆ ಹತ್ತರಲ್ಲಿ ಒಂದು ಪಾಲು ಮಾತ್ರ ಏರಿಸಬೇಕು. ಇಪ್ಪತ್ತು ಕೆಜಿ ಎತ್ತುವವನಿಗೆ ಮುಂದಿನದು ಇಪ್ಪತ್ತೆರಡು. ಮಧ್ಯದಲ್ಲಿ ಗೆಳೆಯರ ಜೊತೆ "ಒಂದೇ ಸಲಕ್ಕೆ ಯಾರು ಜಾಸ್ತಿ ಎತ್ತುತ್ತಾರೆ" ಅನ್ನುವ ಪಂದ್ಯ ಬೇಡವೇ ಬೇಡ.

ಪಿಯುಸಿ ಹುಡುಗರಿಗೆ ಎಲ್ಲದಕ್ಕೂ ಅವಸರ. ಅವರಿಗೆ ನಾನು ಕುಂದಾಪುರದ ಗುರುರಾಜ ಪೂಜಾರಿ ಅವರ ಹೆಸರು ಹೇಳುತ್ತೇನೆ. ಅವರು ವೇಟ್‌ಲಿಫ್ಟಿಂಗ್ ಹಿಡಿದಿದ್ದು ಉಜಿರೆಯಲ್ಲಿ ಕಾಲೇಜಿಗೆ ಸೇರಿದ ಮೇಲೆ. 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಹದಿನಾಲ್ಕಕ್ಕೆ ಶುರು ಮಾಡದಿದ್ದರೆ ಏನೋ ಕೈ ತಪ್ಪಿ ಹೋಯಿತು ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಈ ಅವಸರವೇ ಡಬ್ಬಿಗಳ ಕಡೆಗೆ ತಳ್ಳುತ್ತದೆ. ಪ್ರೋಟೀನ್ ಪುಡಿ, ಮೈತೂಕ ಏರಿಸುವ ಮಾಸ್ ಗೇನರ್ ಪುಡಿ ಮಕ್ಕಳಿಗೆ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸಲಹೆಯಲ್ಲೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಇದೆ. ಮೊಟ್ಟೆ, ಹಾಲು, ಮೊಸರು, ಕಾಳಿನ ಪಲ್ಯ, ಶೇಂಗಾ ಚಟ್ನಿ, ರೊಟ್ಟಿ ಹೊಟ್ಟೆ ತುಂಬ ತಿಂದು ಒಂಬತ್ತು ಗಂಟೆ ನಿದ್ದೆ ಮಾಡಲಿ. ರಾತ್ರಿ ಒಂದು ಗಂಟೆ ತನಕ ಫೋನ್ ಹಿಡಿದು ಬೆಳಿಗ್ಗೆ ಐದಕ್ಕೆ ಜಿಮ್‌ಗೆ ಓಡುವ ಹುಡುಗನಿಗೆ ಯಾವ ಡಬ್ಬಿಯೂ ಸಹಾಯ ಮಾಡುವುದಿಲ್ಲ.

ಡಬ್ಬಿಗಿಂತ ಕೆಟ್ಟದ್ದು ಸ್ನಾಯು ಬೇಗ ಉಬ್ಬಿಸುವ ಸ್ಟೀರಾಯ್ಡ್. ಕೆಲವು ಕಡೆ ಇಂಜೆಕ್ಷನ್ ರೂಪದಲ್ಲಿ, ಮಾತ್ರೆ ರೂಪದಲ್ಲಿ ಗುಟ್ಟಾಗಿ ಕೈಗೆ ಬರುತ್ತದೆ. ಎತ್ತರ ನಿಲ್ಲಿಸುವ ವಸ್ತು ಏನಾದರೂ ಜಿಮ್‌ನಲ್ಲಿ ಇದ್ದರೆ ಅದು ಇದೇ. ಬೆಳೆಯುವ ವಯಸ್ಸಿನಲ್ಲಿ ಇದನ್ನು ತೆಗೆದುಕೊಂಡರೆ ಗ್ರೋಥ್ ಪ್ಲೇಟ್ ಬೇಗ ಮುಚ್ಚಿಕೊಳ್ಳುತ್ತದೆ. ಲಿವರ್, ಹೃದಯಕ್ಕೂ ಪೆಟ್ಟು. ಎರಡು ತಿಂಗಳಲ್ಲಿ ಮಗನ ಮೈ ಸಿಕ್ಕಾಪಟ್ಟೆ ಬದಲಾದರೆ, ಮುಖ ಬೆನ್ನಿನ ತುಂಬ ಮೊಡವೆ ಎದ್ದರೆ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರಿದರೆ ಪಕ್ಕ ಕೂರಿಸಿಕೊಂಡು ಕೇಳಿ. ಬೈಯುವ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಕೆಲವು ಮಕ್ಕಳು ಶುರು ಮಾಡುವ ಮೊದಲೇ ಡಾಕ್ಟರಿಗೆ ತೋರಿಸಬೇಕು. ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಫಿಟ್ಸ್ ಬರುವವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ ತೀರಿಕೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಶಾಲೆಗೂ ತಿಳಿಸಿ. ವ್ಯಾಯಾಮದ ಮಾರನೇ ದಿನ ಸ್ನಾಯು ನೋಯುವುದು ಸಹಜ. ಕೀಲಿನಲ್ಲಿ ನೋವು, ಒಂದೇ ಜಾಗದಲ್ಲಿ ಚುಚ್ಚುವ ನೋವು, ರಾತ್ರಿ ಎಬ್ಬಿಸುವ ನೋವು ಸಹಜ ಅಲ್ಲ.

ಇಷ್ಟು ಜನ ಕೇಳುತ್ತಾರಲ್ಲ, ಬಹುಪಾಲು ಮಗನ ಬಗ್ಗೆಯೇ ಕೇಳುತ್ತಾರೆ. ಮಗಳ ಬಗ್ಗೆ ಕೇಳುವವರು ಕಡಿಮೆ. ಕೇಳಿದರೂ "ಗಂಡುಬೀರಿ ಥರ ಆಗಲ್ವಾ ಮೇಡಂ" ಅನ್ನುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರು. ಮೂಳೆ ಗಟ್ಟಿಯಾಗಲು ಇರುವ ಕಾಲ ಇದೇ. ಬದುಕಿಗೆಲ್ಲ ಬೇಕಾಗುವ ಮೂಳೆಯ ಸತ್ವದಲ್ಲಿ ಹತ್ತಿರ ಹತ್ತಿರ ಶೇಕಡಾ 90 ಭಾಗ ಹದಿನೆಂಟರ ಹೊತ್ತಿಗೆ ಸೇರಿ ಆಗಿರುತ್ತದೆ. ಮುಟ್ಟು ನಿಂತ ಮೇಲೆ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯರು ಎಷ್ಟು ಮನೆಗಳಲ್ಲಿಲ್ಲ? ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಜಿಗಿಸಿ, ಎತ್ತಿಸಿ, ಹಾಲು ರಾಗಿ ತಿನ್ನಿಸಿದ್ದು ಅಲ್ಲಿಯ ತನಕ ಕೆಲಸಕ್ಕೆ ಬರುತ್ತದೆ. ಆಟದಲ್ಲೂ ಅಷ್ಟೆ. ಜಿಗಿದು ಇಳಿಯುವ, ಗಕ್ಕನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗೆ ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ತೊಡೆ ಸೊಂಟ ಗಟ್ಟಿ ಮಾಡಿಸಿ, ಮೊಣಕಾಲು ಒಳಗೆ ಬೀಳದಂತೆ ಇಳಿಯುವುದನ್ನು ಕಲಿಸಿದರೆ ಈ ಗಾಯ ಕಡಿಮೆಯಾಗುತ್ತದೆ. ಇದು ಪರೀಕ್ಷೆ ಮಾಡಿ ಕಂಡುಕೊಂಡ ಮಾತು. ಮುಟ್ಟಿನ ದಿನಗಳಲ್ಲೂ ಮಾಡಬಹುದು. ಹೊಟ್ಟೆ ನೋವಿದ್ದರೆ ಆ ದಿನ ಬಿಡಲಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಮಾತ್ರ ಊಟ ಕಡಿಮೆಯಾಗಿ ಶ್ರಮ ಜಾಸ್ತಿಯಾಗಿರಬಹುದು. ಆಗ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಇದ್ದರೆ ಒಟ್ಟಿಗೇ ಶುರು ಮಾಡಿಸಿ. ಸ್ಟೂಲು ಒಂದೇ ಸಾಕು, ಪೈಪೂ ಒಂದೇ ಸಾಕು.