ಪೊಟಾಲಾಗೆ ಬೆನ್ನು ಹಾಕಿ ನಿಂತ ಅರ್ಧ ಗಂಟೆ

ಟಿಬೆಟ್‌ನ ಲಾಸಾ ಅಂದ್ರೆ ಪೊಟಾಲಾ, ದಲೈ ಲಾಮಾಗಳ ಹಳೇ ಅರಮನೆ, ಅದರ ಫೋಟೋ ಎಲ್ರೂ ಹಾಕಿದಾರೆ, ನಾನು ಬೇರೆ ಹಾಕೋದೇನಿಲ್ಲ. ನನ್ನ ತಲೇಲಿ ಕೂತಿರೋದು ಅದರ ಎದುರಿಗಿರೋ ಒಂದು ಕಲ್ಲುಕಂಬ.

ಅದಕ್ಕೂ ಮೊದ್ಲು ತಲೆನೋವಿನ ವಿಷ್ಯ, ಇನ್ನೂ ಸಿಟ್ಟಿಳಿದಿಲ್ಲ. ಟೂರಿನವ್ರು ಇಳಿದ ದಿನವೇ ಊರು ಸುತ್ತಿಸಿಬಿಟ್ರು, 3,650 ಮೀಟರ್ ಎತ್ತರ ಸ್ವಾಮಿ ಅದು, ರಾತ್ರಿಯೆಲ್ಲಾ ತಲೆ ಸಿಡೀತಿತ್ತು, ಊಟ ನೋಡಿದ್ರೇ ವಾಕರಿಕೆ. ನೀವು ಹೋದ್ರೆ ಮೊದಲ ದಿನ ರೂಮಲ್ಲಿ ಸುಮ್ನೆ ಬಿದ್ಕೊಳ್ಳಿ, ಯಾರು ಕರೆದ್ರೂ ಏಳ್ಬೇಡಿ.

ಮೂರನೇ ದಿನ ಎಲ್ರೂ ಪೊಟಾಲಾ ಕಡೆ ತಿರುಗಿ ಸೆಲ್ಫಿ ತೆಗೀತಿದ್ರು. ನಾನು ಬೆನ್ನು ಹಾಕಿ ಆ ಕಲ್ಲುಕಂಬ ನೋಡ್ತಿದ್ದೆ, ಶೋಲ್ ಕಂಬ ಅಂತಾರೆ. ಕಾಂಪೌಂಡ್ ಒಳಗಿದೆ, ಹತ್ರ ಬಿಡಲ್ಲ, ಮೇಲೆ ಚಪ್ಪರದ ಹಾಗೆ ಕಲ್ಲಿನ ಟೋಪಿ. ಸುಮಾರು 764ರದ್ದು, ಉಳಿದಿರೋ ಟಿಬೆಟನ್ ಬರಹಗಳಲ್ಲೇ ತುಂಬಾ ಹಳೇದು. ಅದರಲ್ಲಿರೋದು ದೇವರ ಸ್ತುತಿ ಅಲ್ಲ, ತಾಕ್ರ ಲುಕೋಂಗ್ ಅನ್ನೋ ಮಂತ್ರಿಯ ಸರ್ವೀಸ್ ರೆಕಾರ್ಡು!

ಇಬ್ರು ದೊಡ್ಡ ಮಂತ್ರಿಗಳು ಸೇರ್ಕೊಂಡು ಟಿಬೆಟ್ ರಾಜನ್ನ ಮುಗಿಸಿಬಿಟ್ರು, ಮಗ ಟ್ರಿಸೋಂಗ್ ದೆತ್ಸೆನ್ ಇನ್ನೂ ಹುಡುಗ, ಅವನ ಪ್ರಾಣಕ್ಕೂ ಸಂಚಕಾರ. ಆಗ ಈ ಲುಕೋಂಗ್ ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿದ, ಅವರಿಬ್ಬರಿಗೂ ಶಿಕ್ಷೆ ಆಯ್ತು, ಇವನು ಮೇಲೆ ಬಂದ. ಆಮೇಲೆ ಚೀನಾದ ಹೊಸ ಚಕ್ರವರ್ತಿ ಟಿಬೆಟ್‌ಗೆ ವರ್ಷವರ್ಷ ಕೊಡ್ಬೇಕಿದ್ದ 50,000 ಥಾನು ರೇಷ್ಮೆ ನಿಲ್ಲಿಸಿದ, ದಂಡೆತ್ತಿ ಹೋಗೋಣ ಅಂತ ಸಲಹೆ ಕೊಟ್ಟಿದ್ದೂ ಇವನೇ. 763ರಲ್ಲಿ ಟಿಬೆಟ್ ಸೈನ್ಯ ಚೀನಾದ ಆಗಿನ ರಾಜಧಾನಿ ಚಾಂಗಾನ್‌ಗೆ ನುಗ್ತು, ಚಕ್ರವರ್ತಿ ಪರಾರಿ, ಇವ್ರು ಬೇರೊಬ್ಬನ್ನ ಸಿಂಹಾಸನದ ಮೇಲೆ ಕೂರಿಸಿ ಹದಿನೈದೇ ದಿನಕ್ಕೆ ವಾಪಸ್.

ನಂಗೆ ಇಷ್ಟವಾಗಿದ್ದು ಯುದ್ಧ ಅಲ್ಲ, ಕಂಬದ ಮೇಲೆ ರಾಜ ಟ್ರಿಸೋಂಗ್ ಹಾಕಿರೋ ಆಣೆ. ಲುಕೋಂಗ್ ವಂಶದವರಿಗೆ ಬೆಳ್ಳಿ ಲಾಂಛನದ ಪದವಿ, ವಂಶ ನಿಂತುಹೋದ್ರೂ ಜಮೀನು ಮುಟ್ಟುಗೋಲು ಇಲ್ಲ, ಹತ್ತಿರದ ದಾಯಾದಿಗಳಿಗೇ ಹೋಗ್ಬೇಕು. ನಮ್ಮ ಶಾಸನಗಳ ದಾನದ ಸಾಲು ಓದಿದೋರಿಗೆ ಈ ಧಾಟಿ ಚೆನ್ನಾಗಿ ಗೊತ್ತು.

ಸಂಜೆ ಟೀ ಅಂಗಡೀಲಿ ಗೈಡ್‌ನ ಕೇಳ್ದೆ. (ಬೆಣ್ಣೆ ಟೀ ನಂಗೆ ಸೇರ್ಲಿಲ್ಲ, ಉಪ್ಪು ಸಾರು ಕುಡಿದಂಗೆ. ಸಿಹಿ ಹಾಲಿನ ಟೀ ಮಾತ್ರ ಸೂಪರ್, ಚಿಲ್ಲರೆ ಮೇಜಿನ ಮೇಲಿಟ್ಟರೆ ಹುಡುಗಿ ಬಂದು ಲೋಟ ತುಂಬಿಸಿ ದುಡ್ಡು ತಗೊಂಡು ಹೋಗ್ತಾಳೆ.)

"ಆ ಕಂಬ ಓದಕ್ಕಾಗುತ್ತಾ ನಿಮಗೆ?"

"ಅಕ್ಷರ ಓದ್ತೀನಿ ಸಾರ್, ಅರ್ಥ ಅರ್ಧಂಬರ್ಧ."

ಹಳಗನ್ನಡ ಎದುರಿಗಿಟ್ರೆ ನನ್ನದೂ ಅದೇ ಪಾಡು ಅಂದೆ, ನಕ್ಕ.

"ಅವನು ಒಳ್ಳೇ ಮಂತ್ರೀನಾ?"

ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಕೂತ. "ಕಲ್ಲಲ್ಲಿ ಒಳ್ಳೆಯವನು. ಆಮೇಲಿನ ಧರ್ಮದ ಪುಸ್ತಕಗಳಲ್ಲಿ ಬೌದ್ಧ ಧರ್ಮದ ವಿರೋಧಿ, ಉತ್ತರದ ಬಯಲಿಗೆ ಗಡೀಪಾರು ಮಾಡಿದ್ರು ಅಂತಾರೆ."

"ನೀವು ಯಾವುದನ್ನ ನಂಬ್ತೀರಿ?"

"ಟೀ ಆರ್ತಿದೆ ಸಾರ್, ಕುಡೀರಿ."

ಮಾರನೇ ದಿನ ಶಿಗಾಟ್ಸೆಗೆ ಹೊರಟ್ವಿ. ಬಸ್ಸು ಪೊಟಾಲಾ ಮುಂದೇನೇ ಹೋಯ್ತು, ಆದ್ರೆ ಕಂಬ ಆಚೆ ಸೀಟಿನ ಕಡೆ, ಅಲ್ಲಿ ಕೂತಿದ್ದೋರು ಪರದೆ ಎಳ್ಕೊಂಡು ನಿದ್ದೆ ಹೊಡೀತಿದ್ರು.