ಈಗ ತೋಟ ಯಾರು ನೋಡ್ಕೋತಾರೆ?

ಐದು ದಿನ ಆಯಿತು. ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಪಾತ್ರೆ ತೊಳೆಯುವಾಗ, ಟ್ರಾಮಿನಲ್ಲಿ ನಿಂತಿರುವಾಗ ಅದೇ ಪ್ರಶ್ನೆ. "ಈಗ ತೋಟ ಯಾರು ನೋಡಿಕೊಳ್ಳುತ್ತಾರೆ?"

ಅಪ್ಪ ದೇವನಹಳ್ಳಿಯಿಂದ ಇಟಲಿಯ ತೊರಿನೊ ನಗರಕ್ಕೆ, ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ತೊರಿನೊದ ಅರಮನೆ, ಚರ್ಚು ಯಾವುದೂ ಅವರಿಗೆ ಹಿಡಿಸಲಿಲ್ಲ. "ದ್ರಾಕ್ಷಿ ತೋಟ ಇದ್ದರೆ ತೋರಿಸಮ್ಮ" ಅಂದರು. ಅಕ್ಟೋಬರ್, ಕೊಯ್ಲಿನ ಕಾಲ. ಶನಿವಾರ ಬೆಳಿಗ್ಗೆ ನನ್ನ ಯಜಮಾನರು ಕಾರು ತೆಗೆದರು. ಲಾಂಗೆ ಗುಡ್ಡಗಳ ಕಡೆ ಹೊರಟೆವು.

ಸೆರ್ರಾಲುಂಗಾ ಊರಿನ ಹತ್ತಿರ ಬಂದಾಗ ಕಣಿವೆ ಪೂರ್ತಿ ಮಂಜು. ಗುಡ್ಡದ ನೆತ್ತಿಗಳು ಮಾತ್ರ ಮೇಲೆ ಕಾಣುತ್ತಿದ್ದವು. "ನಂದಿ ಬೆಟ್ಟದ ಥರಾನೇ" ಅಂದರು ಅಪ್ಪ. ಇಲ್ಲಿನ ಭಾಷೆಯಲ್ಲಿ ಮಂಜಿಗೆ ನೆಬ್ಬಿಯಾ ಅನ್ನುತ್ತಾರೆ. ಈ ಗುಡ್ಡಗಳ ಬರೋಲೊ ವೈನ್ ಮಾಡುವುದು ನೆಬ್ಬಿಯೋಲೊ ಅನ್ನುವ ಒಂದೇ ಜಾತಿಯ ದ್ರಾಕ್ಷಿಯಿಂದ. ಅದರ ಹೆಸರು ಈ ಮಂಜಿನಿಂದಲೇ ಬಂತು ಅಂತ ತುಂಬಾ ಜನ ಹೇಳುತ್ತಾರೆ. ಎಲ್ಲಕ್ಕಿಂತ ಮೊದಲು ಚಿಗುರಿ, ಎಲ್ಲಕ್ಕಿಂತ ತಡವಾಗಿ ಹಣ್ಣಾಗುವ ಬಳ್ಳಿ ಅದು. ಅದಕ್ಕೇ ಬಿಸಿಲು ಚೆನ್ನಾಗಿ ಬೀಳುವ ಇಳಿಜಾರನ್ನು ಅದಕ್ಕೆ ಬಿಟ್ಟು, ಬಿಸಿಲು ಕಮ್ಮಿ ಇರುವ ಕಡೆ ಹೇಜಲ್‌ನಟ್ ಹಾಕಿದ್ದಾರೆ.

ನಾವು ಹೋದದ್ದು ಒಂದು ಸಣ್ಣ ಮನೆತನದ ವೈನರಿಗೆ. ಒಬ್ಬ ತಾತ, ಅವರ ಮೊಮ್ಮಗಳು. ಹುಡುಗಿ ಆಲ್ಬಾ ಪಟ್ಟಣದ ಹಳೇ ವೈನ್ ಶಾಲೆಯಲ್ಲಿ ಓದಿದವಳು. 1881ರ ಶಾಲೆ ಅದು. ಅವಳ ಕೈ ನೋಡಿದೆ. ಬೆರಳ ಸಂದಿಗಳಲ್ಲಿ ನೇರಳೆ ಕಲೆ, ಉಗುರಿನಲ್ಲಿ ಮಣ್ಣು. ನೋಡಿದ ಕೂಡಲೇ ಇಷ್ಟವಾದಳು. ಹಿಂದಿನ ತಿಂಗಳು ಬೇರೆ ಒಂದು ಕಡೆ ಬಿಳಿ ಅಂಗಿ ತೊಟ್ಟ ಹುಡುಗ ಬಾಯಿಪಾಠ ಒಪ್ಪಿಸಿದ್ದ. ಇವಳಿಗೆ ಅದು ಬೇಕಿರಲಿಲ್ಲ.

ಅಪ್ಪ ಸೀದಾ ಬಳ್ಳಿಯ ಹತ್ತಿರ ಹೋದರು. ಒಂದು ಎಲೆ ತಿರುಗಿಸಿ ನೋಡಿದರು. ಅದರ ಮೇಲೆ ತಿಳಿ ನೀಲಿ ಚುಕ್ಕೆಗಳು. "ಮೈಲುತುತ್ತ!" ಅಂದರು. ತಾತ ಹತ್ತಿರ ಬಂದು ಅದೇ ಎಲೆ ಮುಟ್ಟಿ "ವೆರ್ದೆರಾಮೆ" ಅಂದರು. ರೋಗ ಬಾರದಂತೆ ಬಳ್ಳಿಗೆ ಹೊಡೆಯುವ ಅದೇ ಮೈಲುತುತ್ತ, ಅದೇ ಸುಣ್ಣ. ನಾನು ಅನುವಾದ ಮಾಡುವ ಮೊದಲೇ ಇಬ್ಬರೂ ತಲೆಯಾಡಿಸುತ್ತಿದ್ದರು.

ಆಮೇಲೆ ನನಗೆ ಬಿಡುವೇ ಸಿಗಲಿಲ್ಲ. ಬೂದಿ ರೋಗ ಬರುತ್ತಾ, ಆಲಿಕಲ್ಲು ಬಿದ್ದರೆ ಏನು ಮಾಡುತ್ತೀರಿ, ಕೂಲಿ ಎಷ್ಟು. ನಮ್ಮಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತೆ ಅಂತ ಅಪ್ಪ ಹೇಳಿದಾಗ ತಾತ ನಂಬಲಿಲ್ಲ. ಎರಡು ಬೆರಳು ಎತ್ತಿ ಮತ್ತೆ ಕೇಳಿದರು. ಅಪ್ಪನೂ ಎರಡು ಬೆರಳು ಎತ್ತಿದರು. ಅಪ್ಪ ಹಾಗೆ ನಿಂತದ್ದನ್ನು ನಾನು ನೋಡಿ ಎಷ್ಟೋ ವರ್ಷ ಆಗಿತ್ತು. ಬೆನ್ನು ನೆಟ್ಟಗಿತ್ತು.

ನೆಲಮನೆಯಲ್ಲಿ ಆಳೆತ್ತರಕ್ಕಿಂತ ದೊಡ್ಡ ಮರದ ಪೀಪಾಯಿಗಳು. ಸ್ಲಾವೋನಿಯಾದ ಓಕ್ ಮರ. ತಾತನ ಅಪ್ಪ ತಂದದ್ದಂತೆ. ಬರೋಲೊ ಅಂತ ಹೆಸರು ಹಾಕಬೇಕಾದರೆ ಕಾಯ್ದೆ ಪ್ರಕಾರ ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದಲ್ಲೇ. 1980ರ ದಶಕದಲ್ಲಿ ಇಲ್ಲಿ ಈ ಪೀಪಾಯಿಗಳಿಗಾಗಿಯೇ ಜಗಳ ನಡೆದಿತ್ತು. ಹೊಸ ತಲೆಮಾರಿನವರಿಗೆ ಫ್ರಾನ್ಸಿನ ಸಣ್ಣ ಪೀಪಾಯಿ ಬೇಕಿತ್ತು, ಬೇಗ ಮೆದುವಾಗುವ ವೈನ್ ಬೇಕಿತ್ತು. ಲಾ ಮೊರ್ರಾ ಊರಿನ ಎಲಿಯೊ ಆಲ್ತಾರೆ 1983ರಲ್ಲಿ ತಮ್ಮ ಅಪ್ಪನ ಪೀಪಾಯಿಗಳನ್ನು ಗರಗಸದ ಯಂತ್ರದಿಂದ ಕುಯ್ದು ಹಾಕಿದರು. ಆ ಅಪ್ಪ ಮಗನಿಗೆ ಆಸ್ತಿ ಇಲ್ಲ ಅಂದುಬಿಟ್ಟರು. ಹುಡುಗಿ ಈ ಕಥೆ ಹೇಳಿದಾಗ ನಮ್ಮಪ್ಪ ಮಗನ ಪರ ನಿಂತರು. "ಜಗಳ ಆಡಿದ ನಿಜ. ಆದರೆ ತೋಟ ಬಿಟ್ಟು ಹೋಗಲಿಲ್ಲ ಅಲ್ವಾ?"

ಈ ಮಾತನ್ನು ನಾನು ಅನುವಾದ ಮಾಡಲಿಲ್ಲ.

ತಾತ 2016ರ ಬಾಟಲಿ ತೆಗೆದರು. ನಾನು ಅಂದುಕೊಂಡಂತೆ ಗಾಢ ಬಣ್ಣ ಇರಲಿಲ್ಲ. ಪುನರ್ಪುಳಿ ಶರಬತ್ತಿನ ತಿಳಿ ಕೆಂಪು, ಅಂಚಿನಲ್ಲಿ ಸ್ವಲ್ಪ ಇಟ್ಟಿಗೆ ಬಣ್ಣ. ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುತ್ತಿತ್ತು. ಮೂಗಿಗೆ ಒಣಗಿದ ಗುಲಾಬಿ ಎಸಳು. ಅಪ್ಪ ಕುಡಿಯುವವರಲ್ಲ. ತಾತನ ಮುಖ ನೋಡಿ ಗ್ಲಾಸನ್ನು ಕಾಫಿ ಲೋಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ತಗೊಂಡರು. ಹುಡುಗಿ ಟ್ಯಾನಿನ್ ಅಂದರೆ ಏನು ಅಂತ ಕೈ ತಿರುಗಿಸಿ ವಿವರಿಸುತ್ತಿದ್ದಳು. ಅಪ್ಪ ನಾಲಿಗೆ ಚಪ್ಪರಿಸಿ ಅಂದರು, "ಒಗರು. ಆದರೆ ಕೊನೆಗೆ ಮೆತ್ತಗಾಗುತ್ತೆ." ತಾತನಿಗೆ ಆ ಪದ ಇಷ್ಟವಾಯಿತು. "ಒಗರು, ಒಗರು" ಅಂತ ಎರಡು ಸಲ ಹೇಳಿಕೊಂಡರು. ಈ ಒಗರು ಮೆತ್ತಗಾಗಲಿ ಅಂತಲೇ ಅಷ್ಟು ವರ್ಷ ಕಾಯುವುದು.

ಆಗ ಅವರು ಕೇಳಿದ್ದು. ಮೊಮ್ಮಗಳ ಭುಜದ ಮೇಲೆ ಕೈ ಇಟ್ಟುಕೊಂಡು, ಅಪ್ಪನ ಕಡೆ ನೋಡಿ, "ನೀವು ಇಲ್ಲಿದ್ದೀರಿ. ಈಗ ತೋಟ ಯಾರು ನೋಡಿಕೊಳ್ಳುತ್ತಾರೆ?"

ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಗ್ಲಾಸು ಕೆಳಗಿಟ್ಟರು. "ತೋಟ ಇಲ್ಲ. ಮಾರಿದ್ವಿ. ಅಲ್ಲೀಗ ಮನೆಗಳು ಎದ್ದಿವೆ ಅಂತ ಹೇಳಮ್ಮ."

ನಾನು ತಾತನಿಗೆ ಇಟಾಲಿಯನ್‌ನಲ್ಲಿ ಹೇಳಿದೆ, "ನನ್ನ ತಮ್ಮ ನೋಡಿಕೊಳ್ಳುತ್ತಾನೆ."

ಯಾಕೆ ಹಾಗೆ ಹೇಳಿದೆ? ಐದು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ತಾತನಿಗೆ ನೋವಾಗಬಾರದು ಅಂತಲಾ? ಅಲ್ಲ. 2007ರಲ್ಲಿ ಕೊಳವೆ ಬಾವಿ ಬತ್ತಿತ್ತು. ವಿಮಾನ ನಿಲ್ದಾಣ ಮರುವರ್ಷ ಶುರುವಾಗುವುದಿತ್ತು, ಭೂಮಿಗೆ ದಿನಕ್ಕೊಂದು ರೇಟು. ಅಪ್ಪ ಫೋನ್ ಮಾಡಿ "ಏನು ಮಾಡಲಮ್ಮ?" ಅಂದಾಗ ನಾನು ಇಲ್ಲಿಂದ, "ಮಾರಿಬಿಡಿ ಅಪ್ಪ, ಯಾಕೆ ಕಷ್ಟ ಪಡ್ತೀರಿ" ಅಂದಿದ್ದೆ. ಎರಡು ನಿಮಿಷದ ಮಾತು. ತಮ್ಮ ಆಗ ಇನ್ನೂ ಕಾಲೇಜಿನಲ್ಲಿದ್ದ, ಅವನನ್ನು ಯಾರೂ ಕೇಳಲೇ ಇಲ್ಲ. ಚಪ್ಪರದ ಕಲ್ಲುಕಂಬಗಳನ್ನು ಕಿತ್ತ ದಿನ ಅಪ್ಪ ಊಟ ಮಾಡಲಿಲ್ಲ ಅಂತ ಅಮ್ಮ ಆಮೇಲೆ ಹೇಳಿದ್ದಳು. ತಾತನ ಪ್ರಶ್ನೆ ಅಪ್ಪನಿಗೆ ಕೇಳಿದ್ದು. ಆದರೆ ಉತ್ತರ ಕೊಡಬೇಕಾದವಳು ನಾನು. ಅದಕ್ಕೇ ಬಾಯಿ ತಪ್ಪಿಸಿಕೊಂಡಿತು.

ತಾತನಿಗೆ ಎಷ್ಟು ಖುಷಿಯಾಯಿತು ಅಂದರೆ ಇನ್ನೊಂದು ಬಾಟಲಿ ತಂದು, ಅಂಗಿಯ ಅಂಚಿನಿಂದ ದೂಳು ಒರೆಸಿ, "ಇದು ಆ ಹುಡುಗನಿಗೆ. ಹತ್ತು ವರ್ಷ ಬಿಟ್ಟು ತೆರೆಯಲಿ" ಅಂತ ಅಪ್ಪನ ಕೈಗೆ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಕಾರಿನಲ್ಲಿ ಅಪ್ಪ ಕೇಳಿದರು, "ಏನಂತ ಹೇಳಿದೆ?" "ಇದ್ದದ್ದೇ ಹೇಳಿದೆ" ಅಂದೆ. ಅಪ್ಪ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು.

ಮೊನ್ನೆ ರಾತ್ರಿ ಪೆಟ್ಟಿಗೆ ಕಟ್ಟುವಾಗ ಅದನ್ನು ಪಂಚೆಯಲ್ಲಿ ಸುತ್ತುತ್ತಾ ಮೆಲ್ಲಗೆ ಅಂದರು. "ಫ್ರತೆಲ್ಲೊ ಅಂದ್ರೆ ಅಣ್ಣ, ತಮ್ಮ ತಾನೇ? ನಿನ್ನ ಹುಡುಗರು ದಿನಾ ಅಂತಿರ್ತಾರೆ." ನನಗೆ ಮಾತೇ ಹೊರಡಲಿಲ್ಲ. "ರೈತನ ಹತ್ರ ಸುಳ್ಳು ಹೇಳಬಾರದಿತ್ತಮ್ಮ. ಅವರಿಗೆ ಬರೆದು ತಿಳಿಸಿಬಿಡು. ಬಾಟಲಿ ವಾಪಸ್ ಬೇಕಂದ್ರೆ ಕೊಟ್ಟು ಬರೋಣ."

ಆ ರಾತ್ರಿಯೇ ಮೊಮ್ಮಗಳಿಗೆ ಬರೆದೆ. ನಾಲ್ಕು ಸಾಲು. ಮಾರಿದ್ದು, ಮನೆಗಳು, ನಾನು ಹೇಳಿದ ಸುಳ್ಳು, ಕ್ಷಮೆ. ಈವತ್ತು ಬೆಳಿಗ್ಗೆ ಉತ್ತರ ಬಂತು. ಬಾಟಲಿ ಅಪ್ಪನ ಹತ್ತಿರವೇ ಇರಲಿ ಅಂದಿದ್ದಾಳೆ. ಆಮೇಲೆ, ತಾತ ಒಂದು ವಿಷಯ ಕೇಳಲು ಹೇಳಿದ್ದಾರೆ, ಆ ತೋಟದಲ್ಲಿ ಎಷ್ಟು ಬಳ್ಳಿ ಇದ್ದವು?

ಅಪ್ಪ ಕಾಫಿ ಕುಡಿಯುತ್ತಿದ್ದರು. ಓದಿ ಹೇಳಿದೆ. ಲೋಟ ಕೆಳಗೆ ಇಡಲೂ ಇಲ್ಲ, ಯೋಚಿಸಲೂ ಇಲ್ಲ.

"ಐನೂರ ಹನ್ನೆರಡು" ಅಂದರು. "ಬಾವಿ ಪಕ್ಕದ್ದು ಎರಡು ಒಣಗಿತ್ತು. ಅದನ್ನೂ ಬರಿ."